ಅರಿಶಿಣ ಮೈಯಲ್ಲಿ ಪ್ರ್ಯಾಕ್ಟಿಕಲ್ ಪರೀಕ್ಷೆ

ಕರೋಶಿಯ ಜ್ಞಾನದೇವನ ಲಗ್ನಪತ್ರಿಕೆಯಲ್ಲಿ ಇದ್ದದ್ದು ಒಂದೇ ಒಂದು ಸುಳ್ಳು. ಅವನ ಹೆಸರಿನ ಪಕ್ಕದಲ್ಲಿ ‘ಬಿ.ಎಸ್ಸಿ.’ ಎಂದು ಅಚ್ಚಾಗಿತ್ತು. ಉಳಿದದ್ದೆಲ್ಲ ಖರೆ. ಹುಡುಗಿ ಚಿಕ್ಕೋಡಿಯ ರಾಜಾರಾಮರ ಹಿರಿಯ ಮಗಳು ಶೇವಂತಾ, ಮುಹೂರ್ತ ಸಾವಿರದ ಒಂಬೈನೂರಾ ಎಂಬತ್ತೊಂಬತ್ತರ ಮೇ ಹದಿನೆಂಟು, ಗುರುವಾರ, ಮಧ್ಯಾಹ್ನ ಹನ್ನೆರಡೂ ಇಪ್ಪತ್ತು.

ಬಿ.ಎಸ್ಸಿ. ಆಗಲು ಅವನಿಗೆ ಬಾಕಿ ಇದ್ದದ್ದೂ ಒಂದೇ. ‘ವಿದ್ಯುತ್ಕಾಂತತ್ವ ಮತ್ತು ಆಧುನಿಕ ಭೌತಶಾಸ್ತ್ರ’ ಎಂಬ ಉದ್ದ ಹೆಸರಿನ ಪೇಪರಿನ ಪ್ರ್ಯಾಕ್ಟಿಕಲ್. ಅದರಲ್ಲಿ ಎರಡು ಸಲ ಬಿದ್ದಿದ್ದ. ನಾನೂ ಅವನ ಜೊತೆಗೇ ಎರಡು ಸಲ ಬಿದ್ದಿದ್ದೆ. ಆದರೆ ನನ್ನ ಮಾತು ಬೇರೆ, ನಾನು ಯಾವ ಕಾರ್ಡಿನಲ್ಲೂ ಏನನ್ನೂ ಅಚ್ಚು ಹಾಕಿಸಿರಲಿಲ್ಲ.

ಸುಳ್ಳು ಹುಟ್ಟಿದ್ದು ನಿಶ್ಚಯದ ದಿನ. ರಾಜಾರಾಮರು, “ಅಥಣಿ ಕಿರಾಣಿ ಅಂಗಡ್ಯಾಂವ ತನ್ನ ಮಗಗ ಕೇಳಿದ್ದ. ಪಿಯುಸಿಗೆ ನಿಂತಾನ, ಬ್ಯಾಡ ಅಂದೆ. ನಮ್ಮ ಹುಡುಗಿ ಡಿಗ್ರಿ ಇಲ್ಲದ ಮನಿಗೆ ಹೋಗಾಂಗಿಲ್ಲ. ಹುಡುಗ ಏನ ಓದ್ಯಾನ?” ಎಂದು ಕೇಳಿದರು. ಜ್ಞಾನದೇವನ ಸೋದರಮಾವ ಲಗಮಪ್ಪ, ಆಸನದಿಂದ ಅರ್ಧ ಎದ್ದು, “ಬಿ.ಎಸ್ಸಿ.!” ಎಂದುಬಿಟ್ಟ. ಜ್ಞಾನದೇವ, “ಒಂದ ಪ್ರ್ಯಾಕ್ಟಿಕಲ್...” ಎಂದು ಬಾಯಿ ತೆರೆಯುವುದಕ್ಕೂ ಯಾರೋ ಅದರೊಳಗೆ ಪೇಢೆ ತುರುಕುವುದಕ್ಕೂ ಸರಿಹೋಯಿತು. ಪೇಢೆ ನುಂಗಿದ ಮೇಲೆ ಹೇಳಬಹುದಿತ್ತು. ಹೇಳಲಿಲ್ಲ.

ಪರೀಕ್ಷೆ ಏಪ್ರಿಲ್‌ನಲ್ಲೇ ಮುಗಿಯಬೇಕಿತ್ತು. ಬಸ್ ಮುಷ್ಕರವಾಗಿ ಮುಂದೆ ಹೋಯಿತು. ಹೋಗಿ ಹೋಗಿ ಎಲ್ಲಿ ನಿಂತಿತೆಂದರೆ ಮೇ ಹದಿನೇಳರಂದು, ಅಂದರೆ ಲಗ್ನದ ಹಿಂದಿನ ದಿನ, ಅಂದರೆ ಅರಿಶಿಣ ಹಚ್ಚಿದ ಮಾರನೆಯ ದಿನ. ಈ ಸುದ್ದಿ ತಂದವನು ನಾನೇ. ಜ್ಞಾನದೇವ ಓದಿ, ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದ. ಹಿಂದೆ ಏನೂ ಇರಲಿಲ್ಲ.

“ಜಕ್ಕ್ಯಾ, ಈ ಸಲ ಬಿಟ್ರ ಮತ್ತ ಅಕ್ಟೋಬರಕ್ಕ. ಅಷ್ಟರಾಗ ಮಾವಗ ಯಾರರ ಹೇಳೇ ಹೇಳತಾರ. ಈ ಸಲ ಪಾಸಾದ್ರ, ಸುಳ್ಳ ತಾನ ಖರೆ ಆಗ್ತೈತಿ. ಯಾರಿಗೂ ಗೊತ್ತಾಗಾಂಗಿಲ್ಲ,” ಎಂದ.

ಅವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಅದರಲ್ಲಿ ಅವನ ಅಜ್ಜಿ ಜನಾಬಾಯಿಯನ್ನು ಸೇರಿಸಲು ಮರೆತಿದ್ದ, ಅಷ್ಟೆ.

ನಮ್ಮ ಕಡೆ ಅರಿಶಿಣ ಹಚ್ಚಿದ ಕ್ಷಣದಿಂದ ಅಕ್ಷತೆ ಬೀಳುವವರೆಗೆ ಮದುಮಗನ ಕೈಯಲ್ಲಿ ಕಟ್ಯಾರ ಇರಬೇಕು. ಗೇಣುದ್ದದ ಕಬ್ಬಿಣದ ಬಾಕು, ಅದರ ತುದಿಗೆ ಚುಚ್ಚಿದ ಒಂದು ನಿಂಬೆಹಣ್ಣು. ಗಾಳಿ, ದೆವ್ವ, ಕೆಟ್ಟ ಕಣ್ಣು ಇವೆಲ್ಲ ಮದುಮಗನ ಬೆನ್ನು ಹತ್ತುತ್ತವೆ, ಕಬ್ಬಿಣ ಕಂಡರೆ ದೂರ ನಿಲ್ಲುತ್ತವೆ. ಉಣ್ಣುವಾಗ, ಮಲಗುವಾಗ, ಎಲ್ಲಿ ಹೋದರೂ ಅದು ಮೈಯಿಂದ ಬೇರೆಯಾಗುವಂತಿಲ್ಲ.

“ಪರೀಕ್ಷಾ ಕೊಡು, ಬ್ಯಾಡನ್ನೂದಿಲ್ಲ. ಆದರ ಕಟ್ಯಾರ ಕೆಳಗ ಇಟ್ಟಿ ಅಂದ್ರ ನಾ ಲಗ್ನಕ್ಕ ಬರಾಂಗಿಲ್ಲ,” ಎಂದಳು ಜನಾಬಾಯಿ. “ನಿಮ್ಮ ದೊಡ್ಡಪ್ಪ ಜಳಕಕ್ಕ ಹೋಗಾಗ ಗೂಟಕ್ಕ ಸಿಗಿಸಿ ಹೋದ. ಏನಾತು? ಅಕ್ಷತಾ ಬೀಳೂ ಹೊತ್ತಿಗೆ ಥಂಡಿ ಜ್ವರ ಬಂದು, ನಾಲ್ಕ ಮಂದಿ ಹಿಡದ ನಿಂದರಿಸಿ ತಾಳಿ ಕಟ್ಟಿಸಿದ್ರು. ನಿನಗೂ ಹಂಗ ಆಗಬೇಕೇನ?”

ಕಾವಲಿಗೆ ಲಗಮಪ್ಪನೇ ನೇಮಕವಾದ. ಸುಳ್ಳಿಗೆ ಮೂಲಪುರುಷ ಅವನೇ ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಬುಧವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಚಿಕ್ಕೋಡಿಯ ಕಾಲೇಜಿಗೆ ಹೊರಟೆವು. ಜ್ಞಾನದೇವನ ಮುಖ, ಕುತ್ತಿಗೆ, ಕೈ ಎಲ್ಲ ಹಳದಿ. ಅಲ್ಲಿ ಮಾವನ ಕಣ್ಣಿಗೆ ಬೀಳಬಾರದೆಂದು ತಲೆ, ಕಿವಿ, ಮೂಗು ಮುಚ್ಚುವಂತೆ ಟವೆಲ್ ಸುತ್ತಿಕೊಂಡಿದ್ದ. ಕಟ್ಯಾರವನ್ನು ಅಂಗಿಯೊಳಗೆ ಸೊಂಟಕ್ಕೆ ಬಿಗಿದಿದ್ದರಿಂದ ನಿಂಬೆಹಣ್ಣು ಹೊಟ್ಟೆಯ ಮೇಲೆ ಗಂಟಿನ ಹಾಗೆ ಉಬ್ಬಿತ್ತು. ಕಂಡಕ್ಟರ್ ಟಿಕೆಟ್ ಹರಿದು, “ದವಾಖಾನಿ ಸ್ಟಾಪಿಗೆ ಇಳೀರಿ. ಅರಿಶಿಣ ಕಾಮಣಿ ಭಾಳ ಏರೇತಿ,” ಎಂದು ಮರುಕಪಟ್ಟ. ಹಿಂದಿನ ಸೀಟಿನ ಮುದುಕಿ ನೆಲನೆಲ್ಲಿಯ ಸೊಪ್ಪಿನ ಔಷಧವನ್ನು ಎರಡು ಸಲ ವಿವರಿಸಿದಳು. ಲಗಮಪ್ಪ ಪ್ರತಿ ಹಳ್ಳಿ ದಾಟಿದಾಗಲೂ, “ಐತೇನೋ?” ಎನ್ನುವನು. ಇವನು ಹೊಟ್ಟೆ ಮುಟ್ಟಿಕೊಂಡು, “ಐತಿ ಮಾವ,” ಎನ್ನುವನು. ಮುದುಕಿ ನನ್ನ ಕಿವಿಯಲ್ಲಿ, “ಗಡ್ಡಿನೂ ಐತಿ, ಪಾಪ,” ಎಂದಳು.

ಲ್ಯಾಬಿನಲ್ಲಿ ಚೀಟಿ ಎತ್ತಿದೆವು. ಜ್ಞಾನದೇವ ಫೋಟೋಸೆಲ್ ಬರಲೆಂದು ಹರಕೆ ಹೊತ್ತಿದ್ದ. ಬಂದದ್ದು ಟ್ಯಾಂಜೆಂಟ್ ಗ್ಯಾಲ್ವನೋಮೀಟರ್. ನನಗೂ ಅದೇ. ನಮ್ಮ ಟೇಬಲ್ಲುಗಳು ಅಕ್ಕಪಕ್ಕ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇದು ತಂತಿ ಸುತ್ತಿ ನಿಲ್ಲಿಸಿದ ಒಂದು ದೊಡ್ಡ ಬಳೆ. ನಡುವೆ ಗಾಜಿನ ಡಬ್ಬಿಯಲ್ಲಿ ದಿಕ್ಸೂಚಿಯ ಮುಳ್ಳು. ಮೊದಲು ಮುಳ್ಳು ಸೊನ್ನೆಯ ಮೇಲೆ ನಿಲ್ಲಬೇಕು. ಆಮೇಲೆ ಬ್ಯಾಟರಿಯಿಂದ ತಂತಿಗೆ ಕರೆಂಟು ಹರಿಸಿ ಮುಳ್ಳು ಎಷ್ಟು ಡಿಗ್ರಿ ತಿರುಗಿತೆಂದು ಬರೆಯಬೇಕು. ಕರೆಂಟು ಉಲ್ಟಾ ಮಾಡಿ ಇನ್ನೊಮ್ಮೆ ಬರೆಯಬೇಕು. ಗುಣಿಸಿ ಭಾಗಿಸಿದರೆ ಭೂಮಿಯ ಕಾಂತಬಲ ಸಿಗುತ್ತದೆ. ಅದು ಸೊನ್ನೆ ಬಿಂದು ಮೂರು ಎಂಟರ ಹತ್ತಿರ ಇರಬೇಕು.

ಜ್ಞಾನದೇವ ಬಳೆಯ ಮುಂದೆ ಬಗ್ಗಿದ. ಮುಳ್ಳು ಸೊನ್ನೆಯಲ್ಲಿದ್ದದ್ದು ಹನ್ನೆರಡಕ್ಕೆ ಹೋಯಿತು. ಹೆದರಿ ಹಿಂದೆ ಸರಿದ. ಸೊನ್ನೆಗೆ ಬಂತು. ಮತ್ತೆ ಬಗ್ಗಿದ, ಮತ್ತೆ ಹನ್ನೆರಡು. ಎಡಕ್ಕೆ ಹೋಗಿ ನೋಡಿದ. ಮುಳ್ಳೂ ಎಡಕ್ಕೆ ಬಂತು.

ಈಗ ನೀವು ಕೇಳಬಹುದು, ಇಷ್ಟೂ ತಿಳಿಯಲಿಲ್ಲವೇ ಈ ಮನುಷ್ಯನಿಗೆ ಎಂದು. ಅವನ ಜರ್ನಲ್‌ನಲ್ಲಿ ಮೂರು ವರ್ಷವೂ ಕೆಂಪು ಶಾಯಿಯಲ್ಲಿ ‘ಸೂಚನೆ: ಕಬ್ಬಿಣದ ವಸ್ತುಗಳನ್ನು ಉಪಕರಣದಿಂದ ದೂರವಿಡಬೇಕು’ ಎಂದು ಬರೆದಿತ್ತು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಆದರೆ ಕಬ್ಬಿಣವೆಂದರೆ ಮೊಳೆ, ಸ್ಟೂಲು, ಬಾಗಿಲಿನ ಚಿಲಕ. ಕಟ್ಯಾರವೆಂದರೆ ಶಾಸ್ತ್ರ. ಶಾಸ್ತ್ರವನ್ನು ಯಾವ ಜರ್ನಲ್ಲೂ ದೂರವಿಡಬೇಕೆಂದು ಹೇಳಿರಲಿಲ್ಲ. ಅದು ಅವನ ತಲೆಗೆ ಹೊಳೆಯಲೇ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ.

ಅಟೆಂಡರ್ ಬಾಳು ಬಂದು ಡಬ್ಬಿಯನ್ನು ಬೆರಳಿನಿಂದ ತಟ್ಟಿದ. “ಮಶೀನ ಚೊಲೋ ಐತ್ರಿ. ನಿನ್ನೆ ನಾನ ಒರಿಸೇನಿ,” ಎಂದ. ಅವನು ನೋಡುವಾಗ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಜ್ಞಾನದೇವ ಬಗ್ಗಿದ ಕೂಡಲೇ ಓಡಿತು. “ಇದು ನಿಮಗಷ್ಟ ಹಿಂಗ ಮಾಡಾಕತ್ತೈತಿ ನೋಡ್ರಿ,” ಎಂದು ಬಾಳು ದೂರ ಸರಿದ.

ಬೇರೆ ಮುಳ್ಳು ತಂದರು, ಹಾಗೇ ಆಯಿತು. ಟೇಬಲ್ ಬದಲಿಸಿದರು, ಹಾಗೇ ಆಯಿತು. ಮತ್ತೆ ನನ್ನ ಪಕ್ಕಕ್ಕೇ ತಂದಿಟ್ಟರು. ಭೌತಶಾಸ್ತ್ರದ ಜಿನ್ನಪ್ಪ ಸರ್ ಶೇಡಬಾಳದವರು, ಸಾಧು ಮನುಷ್ಯರು. ಸ್ಟೂಲುಗಳನ್ನೆಲ್ಲ ಹೊರಗೆ ಹಾಕಿಸಿದರು. ನಾವು ಹದಿನಾಲ್ಕು ಜನ ನಿಂತೇ ಪರೀಕ್ಷೆ ಬರೆದೆವು. ಜ್ಞಾನದೇವ ಒಂದು ಕಡೆ ನಿಲ್ಲಲಾರದೆ, ಹೆಜ್ಜೆಗೊಮ್ಮೆ ನನ್ನ ಕಡೆ ವಾಲಿ, “ನಿಂದೆಷ್ಟ ಬಂತಲೇ? ನಿಂದೆಷ್ಟ?” ಎನ್ನುತ್ತಿದ್ದ. ನಾನು ಕೈಯಿಂದ ಹಾಳೆ ಮುಚ್ಚಿಕೊಂಡು ನನ್ನ ರೀಡಿಂಗ್‌ಗಳನ್ನು ಚಕಚಕ ಬರೆದು, ಪೇಪರ್ ಕೊಟ್ಟು, ಆರಾಮಾಗಿ ಗೋಡೆಗೆ ಒರಗಿ ನಿಂತೆ.

ಆಗ ಪ್ರಾಚಾರ್ಯ ತಾತ್ಯಾಸಾಹೇಬರ ಪ್ರವೇಶವಾಯಿತು. ಅವರ ವಿಷಯ ಇತಿಹಾಸ. ಸಮಸ್ಯೆಯನ್ನು ಅರ್ಧ ಕೇಳಿ ಪೂರ್ತಿ ಪರಿಹರಿಸುವವರು. ಕಿಟಕಿಯ ಆಚೆಗಿನ ಲೈಟಿನ ಕಂಬವನ್ನು ನೋಡಿ, “ಕಾರಣ ಅಲ್ಲೈತಿ. ಕಂಬದ ಕರೆಂಟು ಒಳಗ ಬರಾಕತ್ತೈತಿ. ಲೈನ್ ಬಂದ್ ಮಾಡಸ್ರಿ!” ಎಂದರು.

“ಸರ, ಅದು ಎ.ಸಿ. ಐತ್ರಿ, ಅದಕ್ಕ ಮುಳ್ಳು...” ಎಂದರು ಜಿನ್ನಪ್ಪ ಸರ್.

“ಎ.ಸಿ. ಇರಲಿ, ಬಿ.ಸಿ. ಇರಲಿ. ಬಂದ್ ಮಾಡಸ್ರಿ.”

ಬಾಳು ಸೈಕಲ್ ಹತ್ತಿದ. ಹತ್ತು ನಿಮಿಷದಲ್ಲಿ ಲೈನ್‌ಮನ್ ಬಂದು ಓಣಿಯ ಫ್ಯೂಸ್ ಕಿತ್ತ. ಫ್ಯಾನುಗಳು ನಿಂತವು. ಅದರ ಜೊತೆಗೆ ಕಾಲೇಜಿನ ಹಿಂದಿದ್ದ ಹಿಟ್ಟಿನ ಗಿರಣಿಯೂ ಉಸಿರು ಬಿಟ್ಟು ನಿಂತಿತು. ಮುಳ್ಳು ಮಾತ್ರ ಹನ್ನೆರಡರಲ್ಲೇ ಇತ್ತು.

ಅದುವರೆಗೆ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಎಕ್ಸ್‌ಟರ್ನಲ್ ಪರೀಕ್ಷಕರು ಈಗ ಎದ್ದರು. ತೆಳ್ಳಗೆ, ದಪ್ಪ ಕನ್ನಡಕ, ದಕ್ಷಿಣದ ಕಡೆಯ ಮಾತು. ಅವರ ಅನುಮಾನ ಮುಳ್ಳಿನ ಮೇಲಿರಲಿಲ್ಲ, ಕಿಟಕಿಯ ಮೇಲಿತ್ತು. ಅಲ್ಲಿ ಪ್ರತಿ ಐದು ನಿಮಿಷಕ್ಕೆ ಒಂದು ದೊಡ್ಡ ಮೀಸೆ ಕಾಣಿಸಿಕೊಂಡು, “ಐತೇನೋ?” ಎನ್ನುತ್ತಿತ್ತು. ವಿದ್ಯಾರ್ಥಿ ಹೊಟ್ಟೆ ಮುಟ್ಟಿಕೊಂಡು, “ಐತಿ,” ಎನ್ನುತ್ತಿದ್ದ.

“ಏನಿದೆ ಅಲ್ಲಿ?” ಎಂದರು ಪರೀಕ್ಷಕರು.

“ಏನಿಲ್ರಿ ಸರ.”

“ಹೊಟ್ಟೆ ಹತ್ತಿರ ಏನೋ ಉಬ್ಬಿದೆ. ತೆಗೆ. ಕಾಪಿ ಚೀಟಿ ತಾನೆ?”

“ತಗಿಯಾಕ ಬರಾಂಗಿಲ್ರಿ ಸರ. ಲಗ್ನ ಐತ್ರಿ.”

ಪರೀಕ್ಷಕರು ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಕಾಪಿ ಮಾಡಿದವರ ಎಷ್ಟೋ ಕಾರಣ ಕೇಳಿದ್ದರಂತೆ. ಇದು ಹೊಸದು. “ಮೂರು ವರ್ಷ ಡಿಬಾರ್ ಮಾಡಿಸ್ತೀನಿ. ತೆಗೆಯಯ್ಯಾ!” ಎಂದು ಕೂಗಿದರು.

ಕಿಟಕಿಯಿಂದ ಲಗಮಪ್ಪ, “ಜೀವಾ ಹ್ವಾದ್ರೂ ಬಿಚ್ಚಬ್ಯಾಡ!” ಎಂದು ಅದಕ್ಕಿಂತ ಜೋರಾಗಿ ಕೂಗಿದ.

ಇದೇ ಗಳಿಗೆಯಲ್ಲಿ ಬಾಗಿಲು ದೂಡಿಕೊಂಡು ಗಿರಣಿಯ ಮಂದಿ ಒಳಗೆ ಬಂತು. ಹೆಂಗಸರು, ಗಂಡಸರು, ತಲೆಯ ಮೇಲೆ ಡಬ್ಬಿ, ಕೈಯಲ್ಲಿ ಚೀಲ. ಎಲ್ಲರ ಮುಂದೆ, ಹುಬ್ಬು ಮೀಸೆಗಳಿಗೆಲ್ಲ ಕಡಲೆಹಿಟ್ಟು ಮೆತ್ತಿಕೊಂಡು ನಿಂತಿದ್ದವರು ರಾಜಾರಾಮರು.

“ಕಾಯ ಚಾಲಲಂಯ ಹೆ? ಏನ ನಡಸೀರಿ ಇಲ್ಲೆ? ಯಾರ್ರೀ ಲೈಟ ಬಂದ್ ಮಾಡಿಸಿದವ್ರು? ನಾಳೆ ನನ್ನ ಮಗಳ ಲಗ್ನ! ಮೂರ ಡಬ್ಬಿ ಬುಂದೆ ಹಿಟ್ಟು ಅರ್ಧಾ ಗಿರಣ್ಯಾಗ ಐತಿ!”

ಜ್ಞಾನದೇವ ಟವೆಲನ್ನು ಕಣ್ಣಿನವರೆಗೆ ಎಳೆದುಕೊಂಡು ಟೇಬಲ್ಲಿನ ಹಿಂದೆ ಕುಕ್ಕರಿಸಿದ. ಕುಕ್ಕರಿಸಿದ ರಭಸಕ್ಕೆ ಅಂಗಿಯ ಗುಂಡಿ ಹಾರಿತು. ನಿಂಬೆಹಣ್ಣು ಕಳಚಿ ಉರುಳುತ್ತಾ ಉರುಳುತ್ತಾ ಪರೀಕ್ಷಕರ ಬೂಟಿನ ಹತ್ತಿರ ನಿಂತಿತು. ಜ್ಞಾನದೇವ ಎದ್ದ. ಅವನ ಕೈಯಲ್ಲಿ ಕಟ್ಯಾರ ಹೊಳೆಯುತ್ತಿತ್ತು.

“ಚಾಕು!” ಎಂದರು ಪರೀಕ್ಷಕರು.

“ಪೊಲೀಸರಿಗೆ ಫೋನ್ ಹಚ್ಚರಿ!” ಎಂದರು ಪ್ರಾಚಾರ್ಯರು.

“ಅಳ್ಯಾರ!” ಎಂದರು ರಾಜಾರಾಮರು.

ಜ್ಞಾನದೇವ ಯಾರ ಕಡೆಗೂ ನೋಡಲಿಲ್ಲ. ಅವನ ಕಣ್ಣು ಗಾಜಿನ ಡಬ್ಬಿಯಲ್ಲಿ ನೆಟ್ಟಿತ್ತು. ಕಟ್ಯಾರವನ್ನು ಬಲಕ್ಕೆ ಒಯ್ದ. ಮುಳ್ಳು ಬಲಕ್ಕೆ ಬಂತು. ಎಡಕ್ಕೆ ಒಯ್ದ. ಎಡಕ್ಕೆ ಬಂತು. ಹತ್ತಿರ ಹಿಡಿದ. ಮುಳ್ಳು ಹುಚ್ಚು ಹಿಡಿದಂತೆ ಗಿರಗಿರ ತಿರುಗಿತು. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ಭೌತಶಾಸ್ತ್ರ ಅರ್ಥವಾಗುತ್ತಿತ್ತು, ಅದೂ ಆಗಬಾರದ ಹೊತ್ತಿನಲ್ಲಿ.

“ಸರ,” ಎಂದ, “ಮುಳ್ಳು ಕೆಟ್ಟಿಲ್ರಿ. ಲೈನಿಂದೂ ತಪ್ಪಿಲ್ಲ. ಇದು ಕಬ್ಬಿಣ ಐತ್ರಿ. ನಾನ ಕೆಡಸಾಕತ್ತಿದ್ದೆ.”

ರಾಜಾರಾಮರು ಕರಿಹಲಗೆಯ ಮೇಲೆ ಬರೆದಿದ್ದ ‘ಬಿ.ಎಸ್ಸಿ. ಪುನರಾವರ್ತಿತ ವಿದ್ಯಾರ್ಥಿಗಳ ಪರೀಕ್ಷೆ’ ಎಂಬುದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಪರೀಕ್ಷಾ? ಯಾರದು?”

“ನಂದ್ರಿ ಮಾವ.” ಜ್ಞಾನದೇವ ಟವೆಲ್ ತೆಗೆದ. ಕಣ್ಣಲ್ಲಿ ನೀರು ಬಂದು ಅರಿಶಿಣ ಗೆರೆಗೆರೆಯಾಗಿತ್ತು. “ನಾ ಇನ್ನಾ ಬಿ.ಎಸ್ಸಿ. ಆಗಿಲ್ರಿ. ಇದರಾಗ ಎರಡ ಸಲ ಬಿದ್ದೇನಿ. ಅವತ್ತ ಹೇಳಬೇಕಂದೆ, ಬಾಯಾಗ ಪೇಢಾ ಇತ್ತು. ನುಂಗಿದ ಮ್ಯಾಲೂ ಹೇಳಲಿಲ್ಲ. ಅದು ನನ್ನ ತಪ್ಪ. ಲಗ್ನ ಬ್ಯಾಡಂದ್ರ ಹಂಗ ಹೇಳ್ರಿ, ನಾ ಶೇವಂತಾಗ ಏನೂ ಅನ್ನಾಂಗಿಲ್ಲ.”

ಕಿಟಕಿಯ ಮೀಸೆ ಕಾಣದಾಯಿತು.

ರಾಜಾರಾಮರು ಹಿಟ್ಟಿನ ಡಬ್ಬಿ ಕೆಳಗಿಟ್ಟು ಅದರ ಮೇಲೆ ಕುಳಿತರು. ಮುಖ ಒರೆಸಿಕೊಂಡರು, ಹಿಟ್ಟು ಇನ್ನಷ್ಟು ಹರಡಿತು. ಗೆಳೆಯನ ಲಗ್ನ ಮುರಿಯುವುದನ್ನು ನೋಡಲು ಯಾರಿಗೆ ಬೇಕು?

“ನಾನೂರ ಕಾರ್ಡ ಹಂಚೇನಿ,” ಎಂದರು ಕಡೆಗೆ. “ನಿಪ್ಪಾಣಿ ತಂಬಾಕದ ವಖಾರಿಯವರಿಗೆ, ರಾಯಬಾಗಕ್ಕ, ಕಾಗವಾಡಕ್ಕ. ಅಥಣಿ ಕಿರಾಣಿಯಾಂವ ನಾಳೆ ಮುಂದಿನ ಸಾಲಿನ್ಯಾಗ ಕುಂಡ್ರತಾನ.” ಎದ್ದು ಪರೀಕ್ಷಕರ ಮುಂದೆ ಕೈ ಮುಗಿದರು. “ಸಾಹೇಬ್ರ, ಪಾಸ್ ಮಾಡ್ರಿ ಅನ್ನಾಂಗಿಲ್ಲ. ಬೀಳೂದಿದ್ರ ಪರೀಕ್ಷಾ ಕೊಟ್ಟ ಬೀಳಲಿ, ಹೊರಗ ಹಾಕಬ್ಯಾಡ್ರಿ. ಸುಳ್ಳ ಹೇಳಿದ್ದಕ್ಕ ನಾ ಆಮ್ಯಾಲ ನೋಡ್ಕೋತೇನಿ. ಅಳಿಯಾ ಆಗಾಂವ ಅದಾನ, ನನಗ ಮೂವತ್ತ ವರ್ಷ ಟೈಮ ಸಿಗತೈತಿ.”

ಪರೀಕ್ಷಕರು ನಿಂಬೆಹಣ್ಣನ್ನು ಎತ್ತಿ, ಎರಡೂ ಕಡೆ ನೋಡಿ, ಮೂಸಿ, ಟೇಬಲ್ಲಿನ ಮೇಲಿಟ್ಟರು. “ಇಪ್ಪತ್ತು ನಿಮಿಷ ಇದೆ. ಆ ಕಬ್ಬಿಣ ಹೊರಗಿಟ್ಟು ಬಾ.”

“ಹೊರಗ? ಸಾಧ್ಯ ಇಲ್ಲ!” ಲಗಮಪ್ಪ ಈಗ ಬಾಗಿಲಿನಿಂದಲೇ ಒಳಗೆ ಬಂದ. “ಮೈಗೆ ಹತ್ತಿರಬೇಕು. ಇವನ ಅಜ್ಜಿಗೆ ನಾ ಮಾತ ಕೊಟ್ಟೇನಿ.”

ಅದೂ ನಿಜವೇ. ಜನಾಬಾಯಿ ಬರದಿದ್ದರೆ ಲಗ್ನವೇ ಇಲ್ಲ. ಗಿರಣಿಯ ಮಂದಿ ಈಗ ಪೂರ್ತಿ ಈ ವಿಷಯಕ್ಕೆ ಇಳಿದಿತ್ತು. ಒಬ್ಬಳು ಮೈಗೆ ಹತ್ತದಿದ್ದರೂ ನಡೆಯುತ್ತದೆ, ಕಣ್ಣಳತೆಯಲ್ಲಿದ್ದರೆ ಸಾಕೆಂದಳು. ಇನ್ನೊಬ್ಬಳು ಅವಳ ಭಾವ ಹಾಗೆ ಮಾಡಿಯೇ ಕುಂಟನಾದನೆಂದಳು. ಪ್ರಾಚಾರ್ಯರು ರಾಜಮಹಾರಾಜರ ಕಾಲದ ಉದಾಹರಣೆ ಹುಡುಕತೊಡಗಿದರು. ಕಡೆಗೆ ಚೀಲದ ಬಾಯಿ ಹೊಲಿಯಲು ತಂದಿದ್ದ ಸುತಳಿಯ ಉಂಡೆಯನ್ನು ರಾಜಾರಾಮರೇ ಜೇಬಿನಿಂದ ತೆಗೆದರು. ಒಂದು ತುದಿ ಜ್ಞಾನದೇವನ ಸೊಂಟಕ್ಕೆ, ಇನ್ನೊಂದು ತುದಿ ಕಟ್ಯಾರದ ಹಿಡಿಕೆಗೆ. ಕಿಟಕಿಯಿಂದ ಸುತಳಿ ಹೊರಗೆ ಹೋಯಿತು. ನಲವತ್ತು ಅಡಿ ದೂರದ ಹುಣಸೆ ಮರದ ಕೆಳಗೆ ರಾಜಾರಾಮರು ಕಟ್ಯಾರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಲಗಮಪ್ಪ ಸುತಳಿಯನ್ನು ಎಳೆದು ನೋಡಿ, “ಹತ್ತೇತಿ,” ಎಂದು ಒಪ್ಪಿಗೆ ಕೊಟ್ಟ.

ಮುಳ್ಳು ಸೊನ್ನೆಯ ಮೇಲೆ ನಿಂತಿತು. ಜ್ಞಾನದೇವ ಬಗ್ಗಿದ. ಅಲುಗಲಿಲ್ಲ.

“ಈಗ ಹೇಳು,” ಎಂದರು ಪರೀಕ್ಷಕರು. “ಕಬ್ಬಿಣ ಈಗಲೂ ನಿನಗೇ ಕಟ್ಟಿದೆ. ಮುಳ್ಳು ಯಾಕೆ ಅಲುಗಲ್ಲ?”

“ಸುತಳಿಗೆ ಏನೂ ಸಂಬಂಧ ಇಲ್ರಿ ಸರ. ದೂರ ಅಷ್ಟ. ಎರಡರಷ್ಟ ದೂರ ಹೋದ್ರ ಜೋರು ಎಂಟರಾಗ ಒಂದ ಪಾಲಾಗ್ತೈತ್ರಿ. ಅಲ್ಲಿ ಹುಣಸಿ ಗಿಡದ ತನಕ ಹೋದ್ರ ಏನೂ ಉಳ್ಯಾಂಗಿಲ್ಲ.”

“ಸುತಳಿಗೆ ಸಂಬಂಧ ಇಲ್ಲಂದ್ರ ಬಿಚ್ಚಲ್ಯಾ?” ಎಂದ ಲಗಮಪ್ಪ ಗಾಬರಿಯಿಂದ.

“ಬ್ಯಾಡ ಮಾವ! ಅದು ಅಜ್ಜಿಗಾಗಿ.”

ಪರೀಕ್ಷಕರ ಮುಖದಲ್ಲಿ ಏನೋ ಆಯಿತು. ಅದು ನಗೆಯೇ ಎಂದು ನಾನು ಆಣೆ ಮಾಡಿ ಹೇಳಲಾರೆ. “ಬರಿ,” ಎಂದರು.

ಜ್ಞಾನದೇವ ಬರೆದ. ಕರೆಂಟು ಹರಿಸಿದ, ನಲವತ್ತೆರಡು. ಉಲ್ಟಾ ಮಾಡಿದ. ಮುಳ್ಳು ಆ ಕಡೆ ತೂಗಾಡುತ್ತಾ ನಿಧಾನವಾಗಿ ನಿಲ್ಲತೊಡಗಿತ್ತು. ಇನ್ನು ಈ ಒಂದು ರೀಡಿಂಗ್ ಆದರೆ ಮುಗಿಯಿತು.

ಅಷ್ಟರಲ್ಲಿ ಲೈನ್‌ಮನ್ ತನ್ನ ಕೆಲಸ ಮುಗಿಯಿತೆಂದು ಫ್ಯೂಸ್ ಹಾಕಿದ. ಹಿಂದುಗಡೆ ಗಿರಣಿ ಭರ್ರನೆ ಎದ್ದಿತು. ಹುಣಸೆ ಮರದ ಕೆಳಗೆ ರಾಜಾರಾಮರು, “ಹಿಟ್ಟು!” ಎಂದು ಒಂದೇ ಕೂಗು ಹಾಕಿ, ಕಟ್ಯಾರ ಹಿಡಿದುಕೊಂಡೇ ಓಡಿದರು. ಅರ್ಧ ತುಂಬಿದ ಡಬ್ಬಿಯ ಮೇಲೆ ಗಿರಣಿ ಶುರುವಾದರೆ ಹಿಟ್ಟೆಲ್ಲ ನೆಲದ ಪಾಲೆಂದು ಎಲ್ಲರಿಗೂ ಗೊತ್ತು. ಸುತಳಿ ಬಿಗಿಯಿತು.

ಮೊದಲು ಜ್ಞಾನದೇವನ ಸೊಂಟ ಹೋಯಿತು, ಹಿಂದೆಯೇ ಉಳಿದ ಜ್ಞಾನದೇವ. ಟೇಬಲ್ಲಿನ ಅಂಚು ಹಿಡಿದ, ಜಾರಿತು. ಜಿನ್ನಪ್ಪ ಸರ್‌ರ ತೋಳು ಹಿಡಿದ, ಅವರೂ ನಾಲ್ಕು ಹೆಜ್ಜೆ ಬಂದರು. ಕಿಟಕಿಯ ಕಟ್ಟೆಗೆ ಹೊಟ್ಟೆ ತಾಗಿದರೂ ಕತ್ತು ತಿರುಗಿಸಿ, ಕಣ್ಣನ್ನು ಮುಳ್ಳಿನಿಂದ ಕೀಳಲಿಲ್ಲ. ಮುಳ್ಳು ನಿಂತಿತು.

“ನಲವತ್ತೊಂದೂವರೀ!” ಎಂದು ಕಿರುಚಿ, ಕಿಟಕಿಯಿಂದ ಆಚೆ ಬಿದ್ದ.

ಪರೀಕ್ಷಕರು ಮುಳ್ಳಿನ ಹತ್ತಿರ ಬಗ್ಗಿ ನೋಡಿದರು. ನಲವತ್ತೊಂದೂವರೆಯೇ ಇತ್ತು. ಅವನ ಪೇಪರಿನಲ್ಲಿ ಅವರೇ ಬರೆದುಕೊಂಡು, “ಗುಣಾಕಾರ ಗಿರಣಿಯಿಂದ ಬಂದ ಮೇಲೆ ಮಾಡಲಿ,” ಎಂದರು. ಅವನು ಬಂದು ಮಾಡಿದ. ಮಂಡಿ ತರಚಿಹೋಗಿತ್ತು, ಅರಿಶಿಣದ ಮೇಲೆ ಕಡಲೆಹಿಟ್ಟು ಕೂತಿತ್ತು. ಸೊನ್ನೆ ಬಿಂದು ಮೂರು ಏಳು ಒಂಬತ್ತು ಬಂತು.

ಮರುದಿನ ಮಂಟಪದಲ್ಲಿ ಜನಾಬಾಯಿ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಅಂತರಪಟ ಹಿಡಿದ ಕೂಡಲೇ ರಾಜಾರಾಮರು ಮೈಕ್ ತೆಗೆದುಕೊಂಡು, ಅಥಣಿಯ ಕಿರಾಣಿಯವನನ್ನು ನೋಡುತ್ತಾ, “ಕಾರ್ಡಿನ್ಯಾಗ ಬಿ.ಎಸ್ಸಿ. ಅಂತ ಹಾಕೀವಿ. ನಿನ್ನೆ ಪರೀಕ್ಷಾ ಆಗೇತಿ. ರಿಝಲ್ಟ ನಲವತ್ತ ದಿನಕ್ಕ ಬರತೈತಿ. ಅಲ್ಲೀತನಕ ಯಾರೂ ಚೌಕಶಿ, ವಿಚಾರಣಿ ಮಾಡಬ್ಯಾಡ್ರಿ, ಉಂಡ ಹೋಗ್ರಿ,” ಎಂದರು. ಪರದೆಯ ಆಚೆ ಶೇವಂತಾ ನಕ್ಕದ್ದು ಈಚೆಯವರೆಗೂ ಕೇಳಿಸಿತು. ಜ್ಞಾನದೇವನ ಮುಖ ಆಗ ಸಡಿಲವಾಯಿತು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ನಲವತ್ತಲ್ಲ, ಐವತ್ತೆರಡು ದಿನಕ್ಕೆ ರಿಸಲ್ಟ್ ಬಂತು. ಜ್ಞಾನದೇವ ಪಾಸಾಗಿದ್ದ. ಹದಿನಾಲ್ಕು ಜನರಲ್ಲಿ ಬಿದ್ದವನು ನಾನೊಬ್ಬನೇ. ಕಾಲೇಜಿಗೆ ಹೋಗಿ ಜಿನ್ನಪ್ಪ ಸರ್‌ರನ್ನು ವಿಚಾರಿಸಿದೆ. ನನ್ನ ಲೆಕ್ಕದಲ್ಲಿ ಭೂಮಿಯ ಕಾಂತಬಲ ಸೊನ್ನೆ ಬಿಂದು ಆರು ಒಂದು ಬಂದಿತ್ತಂತೆ.

ಅವನು ನನ್ನ ಕಡೆ ವಾಲಿದಾಗಲೆಲ್ಲ ಕಟ್ಯಾರ ನನ್ನ ಮುಳ್ಳನ್ನೂ ಎಳೆದಿತ್ತು. ಸಿಟ್ಟು ತಡೆಯಲಾರದೆ ನೇರವಾಗಿ ಕರೋಶಿಗೆ ಹೋದೆ. ಜ್ಞಾನದೇವ ಬಿ.ಎಸ್ಸಿ. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಕುಳಿತು ಕಬ್ಬು ತಿನ್ನುತ್ತಿದ್ದ. ನನ್ನ ಮಾತನ್ನೆಲ್ಲ ಗಂಭೀರವಾಗಿ ಕೇಳಿದ.

“ನಾ ನಿನ್ನ ಕಡೆ ಬಗ್ಗಿ ಬಗ್ಗಿ ಕೇಳಿದ್ನಲ್ಲಲೇ, ನಿಂದೆಷ್ಟ ಬಂತು ಅಂತ? ನೀ ಹಾಳಿ ಮುಚ್ಚಗೊಂಡಿ. ತೋರಿಸಿದ್ರ ಇಬ್ಬರೂ ಕೂಡಿ ನೋಡತಿದ್ವಿ,” ಎಂದ.

ಒಳಗಿನಿಂದ ಶೇವಂತಾ, “ಬಾವಾರು ಅಕ್ಟೋಬರಕ್ಕ ಕುಂಡ್ರತಾರೇನ್ರಿ? ನಮ್ಮವ್ರು ಹೇಳಿಕೊಡ್ತಾರ ಬಿಡ್ರಿ,” ಎನ್ನುತ್ತಾ ಚಹಾ ತಂದಿಟ್ಟಳು. ಕುಡಿದೆ. ಆಮೇಲೆ ಅವನ ಹಳೆಯ ಜರ್ನಲ್ ಇಸಿದುಕೊಂಡು, ಮೂರರ ಬಸ್ಸಿಗೆ ಫಾರ್ಮ್ ತುಂಬಲು ಚಿಕ್ಕೋಡಿಗೆ ಹೊರಟೆ.